ಕೋರೆಲ್ ಬಂದ್ರೆ ಡಿಸೈನ್ ಬಂದಂಗಾ?

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮದು ಕೊಟ್ಟೂರು. ಚಿಕ್ಕಪ್ಪನ ಮಗಳು ಡಿಸೈನ್ ಓದ್ತಿದ್ದಾಳೆ, ಮೊದಲನೇ ವರ್ಷ, ರಜೆಗೆ ಬಂದಿದ್ದಳು. ನಾನು ಚಪ್ಪಲಿ ಬಿಡೋಕೆ ಮುಂಚೆನೇ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ಲು.

"ಅಣ್ಣಾ, ಕೋರೆಲ್ ಡ್ರಾ ಹಾಕಿಕೊಡೋ. ಕ್ರ್ಯಾಕ್ ಪೆನ್‌ಡ್ರೈವ್‌ನಾಗೈತಿ."

"ಎಲ್ಲಿ ಸಿಕ್ತವ್ವಾ?"

"ನಮ್ ಸರೇ ಕೊಟ್ರು!"

ಕಾಲೇಜಿನ ಹೆಸರು ಬೇಡ ಬಿಡಿ. ಆಕೆಯ ನೋಟ್‌ಬುಕ್ ತೆಗೆದು ನೋಡಿದೆ. ಮೂರು ತಿಂಗಳ ಪಾಠ ಅಂದ್ರೆ ಶಾರ್ಟ್‌ಕಟ್ಟುಗಳ ಪಟ್ಟಿ. ಎಫ್ ಹತ್ತು ಒತ್ತಿದ್ರೆ ಶೇಪ್ ಟೂಲ್, ಕಂಟ್ರೋಲ್ ಕ್ಯೂ ಒತ್ತಿದ್ರೆ ಕನ್ವರ್ಟ್ ಟು ಕರ್ವ್ಸ್. "ಸರಿ, ಕರ್ವ್ ಅಂದ್ರೇನು?" ಅಂತ ಕೇಳಿದೆ. ಪಾಪ, ಸುಮ್ಮನೆ ನಿಂತುಕೊಂಡ್ಲು. ನನಗೆ ಸಿಟ್ಟು ಬಂದಿದ್ದು ಆಕೆ ಮೇಲಲ್ಲ.

ಆ ಸಿಟ್ಟನ್ನೇ ಇಲ್ಲಿ ಇಳಿಸ್ತಾ ಇದ್ದೀನಿ, ಸಹಿಸಿಕೊಳ್ಳಿ :)

ಕರ್ವ್ ಅಂದ್ರೆ ಬ್ರಹ್ಮವಿದ್ಯೆ ಏನಲ್ಲ. ಎರಡು ನೋಡ್, ಒಂದೊಂದಕ್ಕೂ ಒಂದು ಹ್ಯಾಂಡಲ್. ಒಟ್ಟು ನಾಲ್ಕು ಬಿಂದು, ಅಷ್ಟೆ. ಗೆರೆ ನೋಡ್‌ನಿಂದ ಹೊರಡುವಾಗ ಯಾವ ಕಡೆ ಮುಖ ಮಾಡುತ್ತೆ, ಎಷ್ಟು ಜೋರಾಗಿ ಎಳೆಯುತ್ತೆ ಅಂತ ಹ್ಯಾಂಡಲ್ ಹೇಳುತ್ತೆ. ಫ್ರಾನ್ಸಿನ ಕಾರು ಕಂಪನಿಗಳಲ್ಲಿ ಹುಟ್ಟಿದ ಗಣಿತ ಇದು. ಸಿಟ್ರೋಎನ್‌ನಲ್ಲಿದ್ದ ಪಾಲ್ ದ ಕಾಸ್ಟೆಲ್ಜೋ 1959ರಲ್ಲೇ ಇದನ್ನು ಕಂಡುಕೊಂಡಿದ್ದರೂ ಕಂಪನಿ ಗುಟ್ಟಾಗಿ ಇಟ್ಟಿತ್ತು. ರೆನೋದಲ್ಲಿದ್ದ ಪಿಯರ್ ಬೆಜಿಯೆ 1960ರ ದಶಕದಲ್ಲಿ ಪ್ರಕಟಿಸಿದರು, ಅವರ ಹೆಸರೇ ಉಳಿಯಿತು. ಇಲಸ್ಟ್ರೇಟರ್ ಬಂದಿದ್ದು 1987ರಲ್ಲಿ, ಕೋರೆಲ್ ಡ್ರಾ 1989ರಲ್ಲಿ, ಇಂಕ್‌ಸ್ಕೇಪ್ 2003ರಲ್ಲಿ. ಮೂರರ ಹೊಟ್ಟೆಯಲ್ಲೂ ಇರೋದು ಅದೇ ಗೆರೆ.

ಅದನ್ನು ಕಲಿಸೋದು ಬಿಟ್ಟು ಮೆನು ಬಾಯಿಪಾಠ ಮಾಡಿಸಿದರೆ ಏನಾಗುತ್ತೆ? ಫ್ರೀಹ್ಯಾಂಡ್ ಅಂತ ಒಂದು ತಂತ್ರಾಂಶ ಇತ್ತು, ನೆನಪಿದೆಯಾ? ಮ್ಯಾಕ್ರೋಮೀಡಿಯಾವನ್ನು ಅಡೋಬಿ 2005ರಲ್ಲಿ ಕೊಂಡುಕೊಂಡಿತು, 2007ರಲ್ಲಿ ಫ್ರೀಹ್ಯಾಂಡ್ ಬೆಳವಣಿಗೆ ನಿಲ್ಲಿಸಿತು. ನಮ್ಮ ಡಿಟಿಪಿ ಅಂಗಡಿಗಳ ಮನೆದೇವರಾಗಿದ್ದ ಪೇಜ್‌ಮೇಕರ್‌ನ ಕೊನೇ ಆವೃತ್ತಿ 2001ರದ್ದು. ಗೆರೆ ಕಲಿತವನು ಇವತ್ತು ಈ ಅಂಗಡಿ, ನಾಳೆ ಆ ಅಂಗಡಿ ಅಂತ ಬದುಕ್ತಾನೆ. ಬರೀ ಮೆನು ಕಲಿತವನು ಮೆನು ಜೊತೆಗೇ ಮುಳುಗ್ತಾನೆ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಕೊಟ್ಟೂರು, ಯಾವ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಬೇಕಾದ್ರೂ ಹೋಗಿ ನೋಡಿ. ಜಾತ್ರೆ ಮುಂಚೆ ರಾತ್ರಿ ಎರಡು ಗಂಟೆವರೆಗೂ ಕೂತು ಫ್ಲೆಕ್ಸ್ ಮಾಡೋ ಹುಡುಗರಿದ್ದಾರೆ. ಕೈ ಓಟ ನೋಡಿದರೆ ನಮ್ಮಂಥ ಇಂಜಿನಿಯರುಗಳು ನಾಚಬೇಕು. ಆದ್ರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಲೋಗೋವನ್ನು ಹತ್ತು ಅಡಿಗೆ ಎಳೆದು ಚೌಕ ಚೌಕ ಮಾಡಿಬಿಡ್ತಾರೆ. ಇಲ್ಲಾಂದ್ರೆ ಆಟೋ ಟ್ರೇಸ್ ಒತ್ತಿ, ಹತ್ತು ನೋಡ್ ಸಾಕಾಗೋ ಕಡೆ ಸಾವಿರ ನೋಡ್ ಸುರಿದುಕೊಳ್ತಾರೆ. ಅವರ ತಪ್ಪಾ? ಯಾರೂ ಹೇಳಿಕೊಡಲಿಲ್ಲ ಸ್ವಾಮೀ. ಹಣ ಕಟ್ಟಿ ಡಿಸೈನ್ ಕಾಲೇಜಿಗೆ ಹೋದ ನನ್ನ ತಂಗಿಗೂ ಹೇಳಿಕೊಟ್ಟಿಲ್ಲವಲ್ಲ!

ಇನ್ನು ಕನ್ನಡದ ಕಥೆ. ಹಳೇ ಕೋರೆಲ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಚೂರಾಗ್ತಿತ್ತು. ಹಾಗಾಗಿ ಎಲ್ಲರೂ ನುಡಿಯ ಹಳೇ ಆಸ್ಕಿ ಫಾಂಟಿಗೆ ಅಂಟಿಕೊಂಡರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ 'ಕನ್ನಡ' ಅನ್ನೋ ಜಾಗದಲ್ಲಿ ದೊಡ್ಡ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು! ಅದಕ್ಕೇ ಎಲ್ಲರೂ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಚಿತ್ರ ಮಾಡಿ ಕಳಿಸ್ತಾರೆ. ಆಮೇಲೆ ಒಂದು ಕಾಗುಣಿತ ತಪ್ಪು ಸಿಕ್ಕರೂ ತಿದ್ದೋಕೆ ಆಗಲ್ಲ. ಇಲಸ್ಟ್ರೇಟರ್‌ನಲ್ಲೂ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ದುಡ್ಡು ಕೇಳದ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ನೆಟ್ಟಗೆ ಕೂರುತ್ತೆ. ಫಾಂಟಿಗೂ ಕಾಸಿಲ್ಲ: ಅರವಿಂದ ವಿ.ಕೆ. ಮಾಡಿದ ನವಿಲು, ಗುಬ್ಬಿ ಇವೆ, ಏಕ್ ಟೈಪ್‌ನವರ ಬಲೂ ತಮ್ಮ ಇದೆ.

"ಮಾರ್ಕೆಟ್ಟಿನಲ್ಲಿ ಕೋರೆಲ್ಲೇ ಕೇಳ್ತಾರೆ ಕಣಯ್ಯ" ಅಂತೀರಿ, ಗೊತ್ತು. ಕೇಳಲಿ, ಅಂಗಡಿಗೆ ಸೇರಿದ ದಿನ ಕಲಿಯಬಹುದು. ಗೆರೆ ಗೊತ್ತಿದ್ದವರಿಗೆ ಹೊಸ ಮೆನು ಕಲಿಯೋದು ಒಂದು ವಾರದ ಕೆಲಸ. ಇಂಕ್‌ಸ್ಕೇಪ್ ಸರ್ವಗುಣಸಂಪನ್ನ ಅಂತಾನೂ ನಾನು ಹೇಳ್ತಿಲ್ಲ. ಅಚ್ಚಿಗೆ ಬೇಕಾದ ಸಿಎಂವೈಕೆ ವಿಷಯದಲ್ಲಿ ಅದು ಹಿಂದೆ, ಅದಕ್ಕೆ ಸ್ಕ್ರೈಬಸ್ ಹಿಡಿಯಬೇಕು. ಕೋರೆಲ್ ಫೈಲ್ ತೆರೆಯುತ್ತೆ, ಆದ್ರೆ ಎಲ್ಲವೂ ಇದ್ದ ಹಾಗೇ ಬರಲ್ಲ. ಆದ್ರೆ ನಮ್ಮ ಪ್ರಶ್ನೆ ಮೊದಲ ವರ್ಷದ ಮೊದಲ ಪಾಠದ್ದು. ಆ ಪಾಠಕ್ಕೆ ಕದ್ದ ಮಾಲು ಬೇಕೇ ಬೇಕಾ? ನಾಳೆ ತಾನೇ ಚಿತ್ರ ಮಾರಿ ಬದುಕಬೇಕಾದ ಹುಡುಗಿಗೆ, ಇನ್ನೊಬ್ಬರು ಮಾಡಿದ್ದನ್ನು ಕದಿಯೋದು ಮಾಮೂಲಿ ಅಂತ ಮೇಷ್ಟ್ರೇ ಹೇಳಿಕೊಡೋದಾ?

ಕ್ರ್ಯಾಕ್ ನಾನು ಹಾಕಿಕೊಡಲಿಲ್ಲ. ಇಂಕ್‌ಸ್ಕೇಪ್ ಹಾಕಿ, "ರ ಬರಿ" ಅಂದೆ. ಒಂದು ದುಂಡು ಹೊಟ್ಟೆ, ಮೇಲೊಂದು ತಲೆಕಟ್ಟು. ಮೊದಲ ಸಲ ಮೂವತ್ತು ನೋಡ್ ಇಟ್ಟು ಗೋಧಿಹಿಟ್ಟಿನ ಉಂಡೆ ಮಾಡಿದ್ಲು. ಬಾಗಿಲ ಮುಂದಿನ ರಂಗೋಲಿ ತೋರಿಸಿದೆ. "ದೊಡ್ಡವ್ವ ಎಳೆ ಎಳೆಯೋವಾಗ ಬೆರಳಿಗೊಂದು ಚುಕ್ಕಿ ಇಡ್ತಾಳೇನು? ಗೆರೆ ಎಲ್ಲಿ ತಿರುಗ್ತದೋ ಅಲ್ಲಿ ಮಾತ್ರ ನೋಡ್ ಇಡು." ಒಂದೊಂದೇ ಅಳಿಸ್ತಾ ಬಂದ್ಲು. ಎಂಟಕ್ಕೆ ಇಳಿದಾಗ ಹೊಟ್ಟೆ ದುಂಡಗಾಯ್ತು. ಒಳಗೊಂದು ಚುಕ್ಕಿ ಇಟ್ಟು "ಠ ಆತು ನೋಡಣ್ಣಾ!" ಅಂತ ತಾನೇ ಕೂಗಿದ್ಲು. ಮೂರು ತಿಂಗಳಲ್ಲಿ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಯ್ತು.

ಕಾಲೇಜಿನಲ್ಲಿ ಆಕೆಗೆ ಕೊಟ್ಟ ಮೊದಲ ಅಸೈನ್‌ಮೆಂಟ್ ಏನು ಗೊತ್ತಾ? ಕಚ್ಚಿದ ಸೇಬಿನ ಲೋಗೋ ಟ್ರೇಸ್ ಮಾಡೋದು! ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರ ಗುಡಿಯ ಶಾಸನಗಳಿವೆ, ಹಡಗಲಿ ತಾಲೂಕಿನ ಕುರುವತ್ತಿಯಲ್ಲಿ ಮದನಿಕೆಯರ ಸೊಂಟದ ಬಾಗು ಇದೆ. ಉಳಿ ಹಿಡಿದು ಕಲ್ಲಿನ ಮೇಲೆ ಇಂಥ ಗೆರೆ ತಿರುಗಿಸಿದವರ ಊರಿನ ಮಕ್ಕಳಿಗೆ ಸೇಬು ಯಾಕ್ರೀ?

ಬ್ಲಾಗಿಗ ಗೆಳೆಯರೇ, ನಿಮ್ಮಲ್ಲಿ ಕಲಿಸೋರಿದ್ದೀರಿ, ಡಿಟಿಪಿ ಮಾಡಿ ಸವೆದೋರಿದ್ದೀರಿ. ಮೇಷ್ಟ್ರುಗಳೇ, ಪೆನ್‌ಡ್ರೈವ್ ಹಂಚೋದು ನಿಲ್ಲಿಸಿ, ಮೊದಲ ದಿನ 'ರ' ಬರೆಸಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಜಗಳಕ್ಕೆ ಬನ್ನಿ. ಸರಿ ಅನ್ನಿಸಿದರೆ ನಿಮ್ಮ ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಒಂದು ಮಧ್ಯಾಹ್ನ ಕೊಡಿ.

ತಂಗಿ ನಿನ್ನೆ ರಾತ್ರಿ 'ಕ್ಷ' ಬರೆದು ಕಳಿಸಿದ್ದಾಳೆ. ಇನ್ನೂ ಸ್ವಲ್ಪ ಸೊಟ್ಟಗಿದೆ. ಇರಲಿ ಬಿಡಿ, ಆಕೆಯದೇ ಗೆರೆ.