ಯುರೇನಿಯಂ ಕೆಸರಿಗೆ ಕಾವಲು ಯಾರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬಂಧುಗಳೇ, ಅಣುಬಾಂಬ್ ಎಂದೊಡನೆ ನಮಗೆ ಹಿರೋಶಿಮಾ ನೆನಪಾಗುತ್ತದೆ, ಹೆಚ್ಚೆಂದರೆ ಪೋಖ್ರಾನ್. ಬಾಂಬಿನ ಕಥೆ ಶುರುವಾಗುವುದು ಮಾತ್ರ ಗಣಿಯಲ್ಲಿ; ಅದರ ಹೊಲಸು ಬಹುಕಾಲ ಉಳಿಯುವುದೂ ಅಲ್ಲೇ. ಅಮೆರಿಕದ ನವಾಹೊ ಆದಿವಾಸಿಗಳ ನೆಲದಿಂದ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಮೊದಲ ದಶಕಗಳಲ್ಲಿ ಅದನ್ನು ಕೊಳ್ಳುತ್ತಿದ್ದದ್ದು ಬಾಂಬು ಕಟ್ಟುತ್ತಿದ್ದ ಸರ್ಕಾರವೇ. ಗಣಿಯೊಳಗಿನ ರೇಡಾನ್ ಅನಿಲ ಶ್ವಾಸಕೋಶ ತಿನ್ನುತ್ತದೆಂದು ಅಧಿಕಾರಿಗಳಿಗೆ ಗೊತ್ತಿತ್ತು, ಕೂಲಿಗಳಿಗೆ ಹೇಳಲಿಲ್ಲ. ಕೆಲಸ ಮುಗಿದ ಮೇಲೆ 500ಕ್ಕೂ ಹೆಚ್ಚು ಗಣಿಗಳನ್ನು ಹಾಗೇ ಬಿಟ್ಟು ಹೋದರು; ಆ ಕಲ್ಲಿನಿಂದಲೇ ಮನೆ ಕಟ್ಟಿಕೊಂಡವರೂ ಇದ್ದರು. 1979ರ ಜುಲೈ 16ರಂದು ಚರ್ಚ್ ರಾಕ್‌ನಲ್ಲಿ ಅದಿರು ಅರೆದುಳಿದ ಕೆಸರಿನ ಕಟ್ಟೆ ಒಡೆದು ಸುಮಾರು 35 ಕೋಟಿ ಲೀಟರ್ ವಿಷನೀರು ಪ್ಯುರ್ಕೊ ನದಿಗೆ ನುಗ್ಗಿತು. ಗಣಿ ಕಾರ್ಮಿಕರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅದನ್ನು ಪಡೆಯಲು ವಿಧವೆಯರಷ್ಟೇ ಉಳಿದಿದ್ದರು.

ಇದು ದೂರದ ಮಾತಲ್ಲ. ನಮ್ಮ ಪರಸಿ, ಸಿಮೆಂಟಿನ ಸುಣ್ಣಕಲ್ಲು ಯಾವ ಭೀಮಾ ಶಿಲಾವಲಯದ್ದೋ, ಅದೇ ವಲಯದಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಯುರೇನಿಯಂ ಇದೆ. ಭಾರತೀಯ ಯುರೇನಿಯಂ ನಿಗಮ ಅಲ್ಲಿ ಅನ್ವೇಷಣೆಗೆಂದು ನೆಲ ತೋಡಿತು, ಊರವರು ವಿರೋಧಿಸಿದರು. ಗೋಗಿಯ ಅದಿರು ದೇಶದಲ್ಲೇ ಒಳ್ಳೆಯ ದರ್ಜೆಯದೆನ್ನುತ್ತಾರೆ. ಆದರೂ ಒಂದು ಟನ್ ಅರೆದರೆ ಸಿಗುವುದು ಎರಡು ಕಿಲೋದಷ್ಟೂ ಇಲ್ಲ. ಮಿಕ್ಕಿದ್ದೆಲ್ಲ, ರೇಡಿಯಂ ಸಮೇತ, ಕೆಸರಾಗಿ ಕಟ್ಟೆಯೊಳಗೆ ಬೀಳಬೇಕು.

ನಮ್ಮದು ಬಾಂಬಿಗಲ್ಲ, ಕರೆಂಟಿಗೆ ಎನ್ನುವವರಿದ್ದಾರೆ. 2008ರ ಅಣು ಒಪ್ಪಂದದ ನಂತರ ಹೊರದೇಶದಿಂದ ತರಿಸುವ ಯುರೇನಿಯಂ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ಸ್ಥಾವರಗಳಿಗಷ್ಟೇ ಹೋಗಬೇಕು. ಸ್ವದೇಶಿ ಯುರೇನಿಯಂಗೆ ಆ ಕಟ್ಟುಪಾಡಿಲ್ಲ. ಅದು ಕೈಗಾಕ್ಕೂ ಹೋಗಬಹುದು, ಸಿಡಿತಲೆಗೂ ಹೋಗಬಹುದು. ಎಲ್ಲಿಗೆ ಹೋದರೂ ಕೆಸರು ಮಾತ್ರ ಇಲ್ಲೇ. ಈ ಭಾಗದ ನೀರಿನಲ್ಲಿ ಯುರೇನಿಯಂ ಸಹಜವಾಗಿಯೇ ಇದೆ ಎಂಬುದು ಇನ್ನೊಂದು ವಾದ. ಅಲ್ಲಲ್ಲಿ ಇದ್ದೀತು. ಅದಕ್ಕೇ ಗಣಿಗೆ ಮೊದಲೇ ಪ್ರತಿ ಬಾವಿ, ಬೋರ್‌ವೆಲ್‌ನ ಅಳತೆ ದಾಖಲಾಗಬೇಕು. ಇಲ್ಲವಾದರೆ ನಾಳೆ ಹೆಚ್ಚಿದ್ದನ್ನೂ ಸಹಜದ ಖಾತೆಗೇ ಬರೆಯುತ್ತಾರೆ. ಉದ್ಯೋಗದ ವಾದವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ, ಗುಳೆ ಹೋಗುವ ಸೀಮೆ ನಮ್ಮದು. ಆದರೆ ಕೂಲಿ ಸಿಗುವುದು ಗಣಿ ನಡೆಯುವಷ್ಟು ದಿನ.

ಈಗ ತಂತ್ರಜ್ಞಾನ ಸುಧಾರಿಸಿದೆ ಎಂಬ ಮಾತೂ ನಿಜವೇ. ಕಟ್ಟೆ ಗಟ್ಟಿಯಾದೀತು, ಅಡಿಗೆ ಹಾಳೆ ಹಾಸಿಯಾರು. ಸುಧಾರಿಸದೆ ಉಳಿದದ್ದು ಮನುಷ್ಯರ ನೆನಪು. ಸನ್ನತಿಯಲ್ಲಿ ಅಶೋಕ ಸುಮಾರು 2,250 ವರ್ಷಗಳ ಹಿಂದೆ ಶಾಸನ ಬರೆಸಿದ. ಕಾಲಾಂತರದಲ್ಲಿ ಆ ಲಿಪಿ ಓದುವವರೇ ಇಲ್ಲವಾದರು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಆ ಬಂಡೆ ಕಾಳಿಯ ಮೂರ್ತಿಗೆ ಪೀಠವಾಯಿತು. 1980ರ ದಶಕದಲ್ಲಿ ಚಾವಣಿ ಕುಸಿಯದಿದ್ದರೆ ಇನ್ನೂ ತಿಳಿಯುತ್ತಿರಲಿಲ್ಲವೇನೋ. ಚಕ್ರವರ್ತಿಯ ಆಜ್ಞೆಯ ಗತಿಯೇ ಹೀಗಾದರೆ ನಿಗಮದ ಎಚ್ಚರಿಕೆ ಫಲಕದ ಪಾಡೇನು? ಅಶೋಕನ ಕಾಲದಲ್ಲಿ ಹೂತಿಟ್ಟ ರೇಡಿಯಂನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇವತ್ತಿಗೂ ಉಳಿದಿರುತ್ತಿತ್ತು. ಕೆಸರಿನ ಥೋರಿಯಂ-230 ಹೊಸ ರೇಡಿಯಂ ಹುಟ್ಟಿಸುತ್ತಲೇ ಇರುವುದರಿಂದ ನಿಜದ ಲೆಕ್ಕ ಇನ್ನೂ ಕೆಟ್ಟದ್ದು. ಆ ಥೋರಿಯಂ ಅರ್ಧಕ್ಕಿಳಿಯಲು ಸುಮಾರು 75,000 ವರ್ಷ ಬೇಕು. ಪರಸಿ ತೆಗೆದು ಬಿಟ್ಟ ಖಣಿಗಳನ್ನೇ ಮುಚ್ಚಿಸಲಾಗದ ನಾವು ಇದಕ್ಕೆ ಯಾರನ್ನು ಕಾವಲಿಡೋಣ?

ಅಣು ಖನಿಜದ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆಯೇ ಬೇಡವೆಂದು ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಆದ್ದರಿಂದ ಸಭೆಯ ನೋಟಿಸಿಗೆ ಕಾಯಬೇಡಿ. ಮುಂದಿನ ಗ್ರಾಮಸಭೆಯಲ್ಲೇ ಠರಾವು ಮಾಡಿ: ಕುಡಿಯುವ ನೀರಿನ ಯುರೇನಿಯಂ ಪರೀಕ್ಷೆ ಆಗಲಿ, ವರದಿ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಬರಲಿ, ಕೆಸರಿನ ಕಟ್ಟೆ ಎಲ್ಲಿ, ಗಣಿ ಮುಚ್ಚಿದ ಮೇಲೆ ಅದರ ಖರ್ಚು ಯಾರದು ಎಂಬುದು ಬರಹದಲ್ಲಿ ಸಿಗಲಿ. ಠರಾವಿನ ಪ್ರತಿ ಜಿಲ್ಲಾಧಿಕಾರಿಗೂ ಶಾಸಕರಿಗೂ ತಲುಪಲಿ. ಗೋಗಿಯವರು ಒಬ್ಬರೇ ಕೇಳಿದರೆ ಅದು ಒಂದೂರಿನ ತಕರಾರು ಎನಿಸಿಕೊಳ್ಳುತ್ತದೆ. ಭೀಮೆಯ ಈ ದಡದ ಊರುಗಳೂ ಕೇಳಿದರೆ ಉತ್ತರ ಬರೆಯಲೇಬೇಕಾಗುತ್ತದೆ.