ಮಕ್ಕಳೇ ಆಸ್ತಿಯಾದರೆ ನೀರು ಯಾರ ಆಸ್ತಿ?

ಮಕ್ಕಳಿಗೆ ಆಸ್ತಿ ಮಾಡಬೇಡಿ, ಮಕ್ಕಳನ್ನೇ ಆಸ್ತಿಯನ್ನಾಗಿ ಮಾಡಿ ಎಂಬ ಹಿತವಚನಕ್ಕೆ ನಾಡಿನ ಸಭೆಗಳಲ್ಲಿ ಚಪ್ಪಾಳೆ ತಪ್ಪಿದ್ದಿಲ್ಲ. ಆದರೆ ಆಸ್ತಿ ಎಂದ ಮೇಲೆ ಅದಕ್ಕೊಬ್ಬ ಒಡೆಯನಿರುತ್ತಾನೆ. ಹೂಡಿದ ಬಂಡವಾಳಕ್ಕೆ ಆತ ಪ್ರತಿಫಲವನ್ನೂ ನಿರೀಕ್ಷಿಸುತ್ತಾನೆ. ಸಾಕಿದೆವು, ಓದಿಸಿದೆವು, ಈಗ ನಮ್ಮ ಮಾತಿಗೆ ಬೆಲೆಯಿಲ್ಲ ಎಂಬ ಹಿರಿಯರ ಕೊರಗು ಹುಟ್ಟುವುದು ಇಲ್ಲಿಂದಲೇ. ಮಲೆನಾಡಿನ ಅಡಿಕೆ ತೋಟದ ಜಗಲಿಯಲ್ಲಿ ಕೇಳಿಬರುವ ಈ ಕೊರಗು ಬೀದರ, ಭಾಲ್ಕಿ, ಔರಾದ ಸೀಮೆಯ ಕಟ್ಟೆಗಳ ಮೇಲೂ ಅಷ್ಟೇ ಗಟ್ಟಿಯಾಗಿ ಕೇಳುತ್ತದೆ. ಅಲ್ಲಿ ಮಕ್ಕಳು ಬೆಂಗಳೂರಿಗೆ ಹೋದರು. ಇಲ್ಲಿ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಹೋದರು. ವ್ಯತ್ಯಾಸ ಅಷ್ಟೇ.

ಹಿಂದಿನವರು ಮುಂದಿನವರಿಗೆ ಬಿಟ್ಟುಹೋಗುವುದೇನು ಎಂಬ ಪ್ರಶ್ನೆಯನ್ನು ಕೇಳಲು ಅಷ್ಟೂರಿಗಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಬೀದರ ನಗರದಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದ ಈ ಹಳ್ಳಿಯ ಬಯಲಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹ 1436ರಲ್ಲಿ ತೀರಿಕೊಂಡು ಇಲ್ಲಿಯೇ ಮಲಗಿದ್ದಾನೆ. ಹುಮಾಯೂನನ ಗೋರಿ ಸಿಡಿಲಿಗೆ ಸಿಕ್ಕಿ ಅರ್ಧ ಸೀಳಿಹೋಗಿದೆ. ಆದರೆ ಅದೇ ಕಾಲದವರು ನೆಲದೊಳಗೆ ಕಟ್ಟಿದ ಇನ್ನೊಂದು ಸ್ಮಾರಕವಿದೆ. ಅದೇ ಬೀದರದ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಗೋರಿಗಳನ್ನು ಸತ್ತವರಿಗಾಗಿ ಕಟ್ಟಿದರು. ಸುರಂಗವನ್ನು ಇನ್ನೂ ಹುಟ್ಟದವರಿಗೂ ಸೇರಿಸಿ ಕಟ್ಟಿದರು.

ಬೀದರದ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆಯದು. ಮಳೆಯ ನೀರು ಅದರ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಪದರವನ್ನು ತಲುಪಿ, ಅಂಚಿನಲ್ಲಿ ಒರತೆಯಾಗಿ ಹೊರಡುತ್ತದೆ. ನಾನಕ ಝರಾ, ಝರಣಿ ನರಸಿಂಹ, ಪಾಪನಾಶ ಇವೆಲ್ಲ ಈ ಒರತೆಗಳ ಪುಣ್ಯವೇ. ನೌಬಾದಿನ ಕರೇಜ್ ಇದೇ ನೀರನ್ನು ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗದಲ್ಲಿ, ಇಳಿಜಾರಿನ ಬಲವೊಂದರಿಂದಲೇ ಹರಿಸಿತು. ಕಾಸರಗೋಡು, ಪುತ್ತೂರು ಸೀಮೆಯ ಸುರಂಗಗಳನ್ನು ಬಲ್ಲವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ಸುರಂಗ ತನ್ನ ಮಟ್ಟಕ್ಕೆ ಜಿನುಗಿದ ನೀರನ್ನಷ್ಟೇ ಕೊಡುತ್ತದೆ. ಅದಕ್ಕಿಂತ ಕೆಳಗಿನದನ್ನು ಮುಟ್ಟದು. ಮೊಮ್ಮಗನ ಪಾಲನ್ನು ಅಜ್ಜ ಕುಡಿಯದಂತೆ ತಡೆಯುವ ಕಾನೂನು ಅದರ ರಚನೆಯಲ್ಲಿಯೇ ಇತ್ತು.

ಕೊಳವೆ ಬಾವಿ ಆ ಕಾನೂನನ್ನು ಮುರಿಯಿತು. ಮುರಿದವರು ದುಷ್ಟರಾಗಿರಲಿಲ್ಲ. 1972ರ ಬರವನ್ನು ಕಂಡ ತಲೆಮಾರು ಅದು. ತಾನುಂಡ ಹಸಿವು ಮಕ್ಕಳಿಗೆ ಬೇಡವೆಂದು ನೆಲ ಕೊರೆಸಿತು. ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟದ್ದು ಸರಕಾರ. ಜೋಳ, ತೊಗರಿ, ಹೆಸರು, ಉದ್ದಿನ ಸೀಮೆಗೆ ಕಬ್ಬಿನ ಆಸೆ ತೋರಿಸಿದ್ದು ಸಕ್ಕರೆ ಕಾರ್ಖಾನೆಗಳು. ಆ ತಲೆಮಾರಿನ ಬೆವರನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಲೆಕ್ಕ ಲೆಕ್ಕವೇ. ತಂದೆ ಕಡಿಮೆ ಆಳದಲ್ಲಿ ಕಂಡ ನೀರಿಗಾಗಿ ಮಗ ಸಾಲ ಮಾಡಿ ಇನ್ನಷ್ಟು ಆಳಕ್ಕೆ ಇಳಿಯಬೇಕು. ನೀರು ಬಾರದಿದ್ದರೂ ಸಾಲ ಉಳಿಯುತ್ತದೆ. ಸಾಕಿದ ಖರ್ಚನ್ನು ಎಣಿಸುವ ಹಿರಿಯರು, ಖಾಲಿಯಾದ ಅಂತರ್ಜಲವನ್ನು ಯಾರ ಖಾತೆಗೆ ಬರೆಯುತ್ತಾರೆ?

ಸಾಕಣೆ ಸಾಲವಲ್ಲ. ಹುಟ್ಟುವ ಕೂಸು ಯಾವ ಕರಾರಿಗೂ ಹೆಬ್ಬೆಟ್ಟು ಒತ್ತಿರುವುದಿಲ್ಲ. ಮುಪ್ಪಿನಲ್ಲಿ ತಂದೆತಾಯಿಯರನ್ನು ನೋಡಿಕೊಳ್ಳುವುದು ಧರ್ಮ. 2007ರ ಹಿರಿಯ ನಾಗರಿಕರ ಕಾಯ್ದೆ ಅದನ್ನು ಕಾನೂನಿನ ಹೊಣೆಯನ್ನಾಗಿಯೂ ಮಾಡಿದೆ, ಅದು ಸರಿಯೇ. ಆದರೆ ಧರ್ಮ ಒಂದೇ ದಿಕ್ಕಿಗೆ ಹರಿಯುವ ಕಾಲುವೆಯಲ್ಲ. ನಲವತ್ತರ ಮಗ ಹೊಲದಲ್ಲಿ ದುಡಿಯುತ್ತಾನೆ. ಪಹಣಿಯಲ್ಲಿ ಅವನ ಹೆಸರಿಲ್ಲ. ಹೆಸರಿಲ್ಲದ್ದರಿಂದ ಸೊಸೈಟಿಯ ಬೆಳೆಸಾಲವಿಲ್ಲ, 2019ರಲ್ಲಿ ಬಂದ ವರ್ಷಕ್ಕೆ 6000 ರೂಪಾಯಿಯ ಕಿಸಾನ್ ಸಮ್ಮಾನವೂ ಇಲ್ಲ. ಬಾವಿ ಎಲ್ಲಿ ತೋಡಬೇಕು, ಏನು ಬಿತ್ತಬೇಕು ಎಂಬ ನಿರ್ಧಾರ ಯಜಮಾನನದು. ತಪ್ಪಿದರೆ ತೀರಿಸುವ ಭಾರ ಮಗನದು. ಇಂಥವನು ಊರು ಬಿಟ್ಟರೆ ಅದನ್ನು ಸೋಮಾರಿತನವೆನ್ನುವುದು ಅನ್ಯಾಯ.

ಮಗಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ವಿವಾಹಿತೆಯರನ್ನೂ ಒಳಗೊಂಡಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸ್ಪಷ್ಟಪಡಿಸಿತು. ಆದರೂ ತವರಿನ ಪ್ರೀತಿಯ ಹೆಸರಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ನಿಂತಿಲ್ಲ. ಬೀಜ ಕಾಯ್ದವಳು, ಕಳೆ ಕಿತ್ತವಳು, ದೂರದಿಂದ ಕೊಡ ಹೊತ್ತವಳು ಅವಳು. ಪಾಲು ಕೇಳಿದೊಡನೆ ಅವಳೇ ಮನೆಮುರುಕಿ!

ಹಾಗೆಂದು ಯುವಕರಿಗೆ ಪ್ರಮಾಣಪತ್ರ ಕೊಡುವ ಅಗತ್ಯವಿಲ್ಲ. ಪಾಲು ಬಂದ ಮರುದಿನವೇ ಹೊಲವನ್ನು ಲೇಔಟಿಗೆ ಮಾರುವ ಮಗ, ನೀರು ಬರಿದು ಮಾಡಿದ ತಂದೆಗಿಂತ ಯಾವ ರೀತಿಯಲ್ಲೂ ಮೇಲಲ್ಲ. ನೌಬಾದಿನ ಕರೇಜಿನ ಗಾಳಿಬಾವಿಗಳು ನಿವೇಶನಗಳ ನಡುವೆ ಮುಚ್ಚಿಹೋಗುವ ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. ಮಾರುವ ಹಿರಿಯರು, ಮಾರಿಸುವ ಕಿರಿಯರು ಅಲ್ಲಿ ಕೈ ಸೇರಿಸಿದ್ದಾರೆ. ಜಗಳವಾಡುವ ಎರಡು ತಲೆಮಾರುಗಳು ನೆಲವನ್ನು ಕಳೆಯುವ ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬರುತ್ತವೆ. ಅವೆರಡೂ ಹೀಗೆ ದೂರಾಡುತ್ತಿರುವಷ್ಟು ಕಾಲ ಉಚಿತ ವಿದ್ಯುತ್ತಿನ ನೀತಿಯನ್ನಾಗಲೀ ಬೆಳೆಯ ಬೆಲೆಯನ್ನಾಗಲೀ ಯಾರೂ ಪ್ರಶ್ನಿಸರು.

ಆದ್ದರಿಂದ ಉಪದೇಶ ಸಾಕು, ಪಾಲುದಾರಿಕೆ ಬೇಕು. ಹೊಲದಲ್ಲಿ ದುಡಿಯುವ ಮಗ, ಮಗಳು, ಸೊಸೆಯ ಹೆಸರು ಹಿರಿಯರು ಬದುಕಿರುವಾಗಲೇ ಪಹಣಿಗೆ ಏರಲಿ. ಅದರ ಜೊತೆಗೆ ಹಿರಿಯರ ಅನ್ನ, ಔಷಧಿಯ ಹೊಣೆಯೂ ಬರಹದಲ್ಲಿರಲಿ. ಮನೆಯವರೆಲ್ಲರ ಒಪ್ಪಿಗೆಯಿಲ್ಲದೆ ಹೊಸ ಕೊಳವೆ ಬಾವಿ ಬೇಡ. 2011ರ ಅಂತರ್ಜಲ ಕಾಯ್ದೆ ಗ್ರಾಮಸಭೆಯಲ್ಲಿ ಓದುವ, ಕೇಳುವ ಪುಸ್ತಕವಾಗಲಿ. ಕಬ್ಬಿನ ನೀರನ್ನು ತೊಗರಿ, ಜೋಳ ಉಳಿಸಲಿ; ಆ ಉಳಿತಾಯಕ್ಕೆ ಸರಕಾರ ಬೆಲೆ ಕಟ್ಟಲಿ. ತೋಟಕ್ಕೊಂದು ಬೋರು ಕೊರೆಸಿದ ಮಲೆನಾಡಿಗೂ ಈ ಮಾತು ಅನ್ವಯಿಸುತ್ತದೆ.

ಅಷ್ಟೂರಿನ ಉರುಸಿನಲ್ಲಿ ಒಂದೇ ಗೋರಿಯ ಮುಂದೆ ಮುಸಲ್ಮಾನರು ವಲಿಗೆ, ಹಿಂದೂಗಳು ಅಲ್ಲಮಪ್ರಭುವಿಗೆ ಕೈಮುಗಿಯುತ್ತಾರೆ. ಪಾಲಾಗದೆಯೇ ಎಲ್ಲರಿಗೂ ದಕ್ಕಿದ ಆಸ್ತಿ ಅದು. ಅಂತರ್ಜಲವೂ ಅಂಥದ್ದೇ. ಅದನ್ನು ಬರಿದು ಮಾಡಿದವರಿಗೆ ಮಕ್ಕಳ ಕೃತಜ್ಞತೆಯನ್ನು ಕೇಳುವ ಹಕ್ಕಿಲ್ಲ. ಉಳಿಸಿಕೊಟ್ಟವರಿಗೆ ಅದನ್ನು ಕೇಳುವ ಪ್ರಸಂಗವೇ ಬಾರದು.