ಮಂಚ ಕೊಳ್ಳುವ ಮೊದಲು ಫ್ಯಾನ್ ನೋಡಿ

ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದವರಿಗೂ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡವರಿಗೂ ಮಕ್ಕಳ ಕೋಣೆಯ ಲೆಕ್ಕ ಹೆಚ್ಚುಕಡಿಮೆ ಒಂದೇ: ಹತ್ತಡಿಗೆ ಹತ್ತಡಿ. ಅಷ್ಟರಲ್ಲೇ ಇಬ್ಬರ ಓದುವ ಮೇಜು, ಒಂದು ಬೀರು, ಶಾಲೆಯ ಚೀಲಗಳು, ಕ್ರಿಕೆಟ್ ಬ್ಯಾಟು ಎಲ್ಲ ಹಿಡಿಯಬೇಕು. ಎರಡು ಮಂಚ ಹಾಕಿದರೆ ಕಾಲಾಡಿಸಲು ಜಾಗ ಉಳಿಯುವುದಿಲ್ಲ. ಹೀಗಾಗಿ ಒಂದರ ಮೇಲೊಂದು ಮಲಗುವ ಬಂಕ್ ಬೆಡ್, ಹಾಸ್ಟೆಲ್ ಮಕ್ಕಳ ಮಾತಿನ ಡಬಲ್ ಡೆಕ್ಕರ್ ಮಂಚ, ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. ಕೊಳ್ಳುವಾಗ ಕೇಳುವ ಪ್ರಶ್ನೆಗಳೆಲ್ಲ ಮರದ ಸುತ್ತ ಸುತ್ತುತ್ತವೆ: ತೇಗವೇ, ಪ್ಲೈವುಡ್ಡೇ, ಎಷ್ಟು ಕಿಲೊ ತಡೆಯುತ್ತದೆ? ಗಟ್ಟಿತನ ಬೇಡವೆಂದಲ್ಲ. ಆದರೆ ಗಟ್ಟಿಮುಟ್ಟಾದ ಮಂಚದಿಂದಲೂ ಮಗು ಉರುಳಿ ಬೀಳುತ್ತದೆ. ಈ ಮಂಚ ಸುರಕ್ಷಿತವೇ ಅಲ್ಲವೇ ಎಂಬುದನ್ನು ತೀರ್ಮಾನಿಸುವುದು ಅದರ ಸುತ್ತಲಿನ ಖಾಲಿ ಜಾಗಗಳು. ಹಾಸಿಗೆಯಿಂದ ರೇಲಿಂಗಿನ ತುದಿಗೆ ಎಷ್ಟು, ಮಗುವಿನ ಕೈಯಿಂದ ಫ್ಯಾನಿಗೆ ಎಷ್ಟು, ಪಟ್ಟಿಯಿಂದ ಪಟ್ಟಿಗೆ ಎಷ್ಟು ಎಂಬುದು ಮರದ ಜಾತಿಗಿಂತ ಮುಖ್ಯ. ಅದನ್ನು ತಿಳಿಯಲು ಒಂದು ಟೇಪು ಸಾಕು. ಅಂಗಡಿಗೆ ಹೋಗುವ ಮೊದಲು, ಮನೆಯಲ್ಲೇ ಹಿಡಿಯಬೇಕಾದ ಟೇಪು ಅದು.

ಈ ಮಾತಿಗೆ ಆಧಾರ ಬೇಕಾದರೆ ಅಮೆರಿಕದತ್ತ ನೋಡಬೇಕು. ಯಾವ ವಸ್ತುವಿನಿಂದ ಗಾಯವಾಯಿತು ಎಂಬುದನ್ನು ಆಸ್ಪತ್ರೆಗಳ ತುರ್ತು ಚಿಕಿತ್ಸಾ ಘಟಕಗಳಿಂದ ವ್ಯವಸ್ಥಿತವಾಗಿ ಕಲೆಹಾಕುವ ಪದ್ಧತಿ ಅಲ್ಲಿದೆ. ಅದನ್ನು ಬಳಸಿ ಓಹಿಯೊದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 2008ರಲ್ಲಿ ‘ಪೀಡಿಯಾಟ್ರಿಕ್ಸ್’ ನಿಯತಕಾಲಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1990ರಿಂದ 2005ರವರೆಗಿನ 16 ವರ್ಷಗಳಲ್ಲಿ ಬಂಕ್ ಬೆಡ್ಡಿನಿಂದ ಗಾಯಗೊಂಡು ಆಸ್ಪತ್ರೆಗೆ ಬಂದ 21 ವರ್ಷದೊಳಗಿನವರು ಅಂದಾಜು 5.72 ಲಕ್ಷ, ವರ್ಷಕ್ಕೆ ಸರಾಸರಿ 36 ಸಾವಿರದಷ್ಟು. ನೂರರಲ್ಲಿ 73 ಮಂದಿಯ ಗಾಯಕ್ಕೆ ಬಿದ್ದದ್ದೇ ಕಾರಣ. ಐವರಲ್ಲಿ ಒಬ್ಬರಿಗೆ ಮೂಳೆ ಮುರಿದಿತ್ತು. ಕಾಲು ಭಾಗಕ್ಕೂ ಹೆಚ್ಚು ಪ್ರಕರಣಗಳಲ್ಲಿ ಪೆಟ್ಟು ತಲೆಗೆ ಅಥವಾ ಕತ್ತಿಗೆ. ಗಾಯಗೊಂಡವರಲ್ಲಿ ಸುಮಾರು ಅರ್ಧದಷ್ಟು ಆರು ವರ್ಷದೊಳಗಿನ ಮಕ್ಕಳು. ಇನ್ನೊಂದು ಅಂಶವನ್ನು ಬಿಡುವಂತಿಲ್ಲ: ಅಮೆರಿಕದಲ್ಲಿ ಬಂಕ್ ಬೆಡ್‌ಗೆ ಕಡ್ಡಾಯ ನಿಯಮ ಜಾರಿಯಾದದ್ದು 2000ದ ಜೂನ್‌ನಲ್ಲಿ. ಅಧ್ಯಯನದ ಅವಧಿಯಲ್ಲಿ ಮೂರನೇ ಒಂದು ಭಾಗ ನಿಯಮ ಬಂದ ನಂತರದ್ದು. ಅಂದರೆ ಕಾನೂನು ಬಂದ ಮಾತ್ರಕ್ಕೆ ಮಕ್ಕಳು ಬೀಳುವುದು ನಿಂತಿಲ್ಲ.

ಆದರೂ ಆ ನಿಯಮದ ಅಳತೆಗಳು ಉಪಯುಕ್ತ, ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಯಾವುದೋ ಮಗುವಿಗೆ ಒದಗಿದ ಅಪಾಯವಿದೆ. ಮೇಲಿನ ಮಂಚಕ್ಕೆ ಎರಡೂ ಬದಿಯಲ್ಲಿ ರೇಲಿಂಗ್ ಇರಬೇಕು. ಗೋಡೆಯ ಕಡೆಯದ್ದಂತೂ ಎಲ್ಲೂ ತುಂಡಾಗದಂತೆ ಉದ್ದಕ್ಕೂ ಇರಬೇಕು. ಗೋಡೆಗೆ ತಾಗಿಸಿಟ್ಟ ಮಂಚಕ್ಕೆ ಆ ಕಡೆ ರೇಲಿಂಗ್ ದಂಡ ಎಂದು ನಮಗೆ ತೋರುವುದು ಸಹಜ. ಆದರೆ ದಿನ ಕಳೆದಂತೆ ಮಂಚ ಗೋಡೆಯಿಂದ ಮೂರು ನಾಲ್ಕು ಇಂಚು ಸರಿಯುತ್ತದೆ. ನಿದ್ದೆಗಣ್ಣಿನ ಮಗು ಆ ಸಂದಿಗೆ ಜಾರಿ ಸಿಕ್ಕಿಕೊಳ್ಳುವುದು ಕೆಳಗೆ ಬೀಳುವುದಕ್ಕಿಂತ ಘೋರ. ಮೇಲಿನ ಮಂಚದ ಪಟ್ಟಿಗಳ ನಡುವೆ ಮೂರೂವರೆ ಇಂಚಿಗಿಂತ ದೊಡ್ಡ ಸಂದು ಕೂಡದು ಎಂಬುದಕ್ಕೂ ಇದೇ ಕಾರಣ. ಮೈ ನುಸುಳಿ ತಲೆ ಸಿಕ್ಕಿಬಿದ್ದರೆ ಮಗುವಿಗೆ ಕೂಗಲೂ ಆಗುವುದಿಲ್ಲ. ಹತ್ತುವ ಕಡೆಯ ರೇಲಿಂಗಿನಲ್ಲಿ 15 ಇಂಚಿನವರೆಗೆ ಮಾತ್ರ ತೆರವು ಬಿಡಬಹುದು. ಇನ್ನು ರೇಲಿಂಗಿನ ತುದಿ ಹಾಸಿಗೆಯ ಮೇಲ್ಮೈಯಿಂದ ಕನಿಷ್ಠ 5 ಇಂಚು ಎತ್ತರದಲ್ಲಿರಬೇಕು. ಯುರೋಪ್ ಮತ್ತು ಆಸ್ಟ್ರೇಲಿಯಾ ಇನ್ನೂ ಬಿಗಿ: 160 ಮಿಲಿಮೀಟರ್, ಸುಮಾರು ಆರೂಕಾಲು ಇಂಚು.

ಎತ್ತರವನ್ನು ಅಳೆಯಬೇಕಾದದ್ದು ಹಾಸಿಗೆಯ ಮೇಲಿನಿಂದ, ಹಲಗೆಯಿಂದಲ್ಲ ಎಂಬುದೇ ನಮ್ಮಲ್ಲಿ ಹೆಚ್ಚಾಗಿ ಜಾರಿಹೋಗುವ ಸಂಗತಿ. ಮಂಚ ಮಾಡುವವನು ಒಬ್ಬ, ಹಾಸಿಗೆ ಮಾರುವವನು ಇನ್ನೊಬ್ಬ. ಬಡಗಿ ಹಲಗೆಯಿಂದ ಒಂದಡಿ ಎತ್ತರದ ರೇಲಿಂಗ್ ಕೊಟ್ಟರೆ ನೋಡಲು ಧಾರಾಳವಾಗಿಯೇ ಇರುತ್ತದೆ. ನಾಲ್ಕು ಇಂಚಿನ ನಾರಿನ ಹಾಸಿಗೆ ಹಾಸಿದರೆ ಎಂಟು ಇಂಚು ಉಳಿಯಿತು, ಚಿಂತೆಯಿಲ್ಲ. ಮಕ್ಕಳಿಗೆ ಮೆತ್ತಗಿರಲಿ ಎಂದು ಎಂಟು ಇಂಚಿನ ಫೋಮ್ ಹಾಸಿಗೆ ತಂದ ದಿನ ಅದೇ ರೇಲಿಂಗು ನಾಲ್ಕು ಇಂಚಿಗೆ ಇಳಿಯಿತು. ಮೇಲೆ ಹೇಳಿದ ಯಾವ ನಿಯಮಕ್ಕೂ ಅದು ಸಾಲದು. ಮೇಲೊಂದು ದಪ್ಪ ಕೌದಿ ಹಾಸಿದರೆ ಇನ್ನೊಂದು ಇಂಚು ಹೋಯಿತು. ಸುಖ ಹೆಚ್ಚಿಸಲು ಹೊರಟ ಪ್ರತಿ ಇಂಚನ್ನೂ ಸುರಕ್ಷತೆಯಿಂದಲೇ ಕಳೆಯಬೇಕು. ಹಾಗೆಂದು ಮೇಲೆ ಮಲಗುವ ಮಗು ಕಷ್ಟಪಡಬೇಕಿಲ್ಲ. ಎಳೆಯ ಬೆನ್ನಿಗೆ ತೆಳುವಾದ, ಗಡುಸಾದ ಹಾಸಿಗೆಯಿಂದ ಕೆಡುಕೇನಿಲ್ಲ. ದಪ್ಪ ಹಾಸಿಗೆಯೇ ಬೇಕೆನ್ನುವವರು ಅದನ್ನು ಕೆಳಗೆ ಹಾಕಲಿ.

ಈಗ ಫ್ಯಾನಿನ ವಿಷಯ. ವಿದೇಶಿ ನಿಯಮಗಳು ಮಂಚದ ಅಳತೆ ಹೇಳುತ್ತವೆಯೇ ಹೊರತು ನಮ್ಮ ಕೋಣೆಯ ಅಳತೆ ಹೇಳುವುದಿಲ್ಲ. ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆಗಳು ತಿರುಗುವ ವೃತ್ತದ ಅಗಲ 1200 ಮಿಲಿಮೀಟರ್, ಅಂದರೆ ನಾಲ್ಕಡಿ. ಹತ್ತಡಿ ಚೌಕದ ಕೋಣೆಯ ನಡುಮಧ್ಯದಲ್ಲಿ ಅದು ತೂಗಿದರೆ ರೆಕ್ಕೆಯ ತುದಿಯಿಂದ ಗೋಡೆಗೆ ಉಳಿಯುವುದು ಮೂರೇ ಅಡಿ. ಒಬ್ಬರು ಮಲಗುವ ಹಾಸಿಗೆಯ ಅಗಲವೂ ಮೂರಡಿಯೇ. ಚೌಕಟ್ಟಿನ ದಪ್ಪ ಸೇರಿದರೆ, ಗೋಡೆಗೆ ಒತ್ತಿಟ್ಟ ಮಂಚದ ಅಂಚು ರೆಕ್ಕೆಯ ಕೆಳಗೇ ಬಂದಿರುತ್ತದೆ. ಎತ್ತರದ ಲೆಕ್ಕವೂ ಸಮಾಧಾನಕರವಾಗಿಲ್ಲ. ಮೇಲಿನ ಹಲಗೆ ಐದಡಿಯಲ್ಲಿದೆ, ಮೇಲೆ ಐದು ಇಂಚಿನ ಹಾಸಿಗೆಯಿದೆ ಎಂದುಕೊಳ್ಳಿ. ಎಂಟೊಂಬತ್ತು ವರ್ಷದ ಮಗು ಅಲ್ಲಿ ಮಂಡಿಯೂರಿ ನಿಂತರೆ ತಲೆ ಎಂಟೂವರೆ ಅಡಿಯ ಹತ್ತಿರ ಹೋಗುತ್ತದೆ. ಕುಳಿತಲ್ಲೇ ಎರಡೂ ಕೈ ಎತ್ತಿ ಟೀ ಶರ್ಟ್ ಕಳಚಿದರೆ ಬೆರಳ ತುದಿ ಒಂಬತ್ತು ಅಡಿಗೆ ಸಮೀಪ. ಒಂಬತ್ತೂವರೆ ಅಡಿಯ ಚಾವಣಿಯಿಂದ ಒಂದಡಿ ಕೆಳಗೆ ತೂಗುವ ಫ್ಯಾನಿನ ರೆಕ್ಕೆ ಇರುವುದೂ ಎಂಟೂವರೆ ಅಡಿಯಲ್ಲೇ. ಅಂದಕ್ಕೆಂದು ಫಾಲ್ಸ್ ಸೀಲಿಂಗ್ ಮಾಡಿಸಿದವರ ಫ್ಯಾನು ಇನ್ನೂ ಕೆಳಗಿಳಿದಿರುತ್ತದೆ.

ಬಂಕ್ ಬೆಡ್ಡು ಸೀಲಿಂಗ್ ಫ್ಯಾನಿನಿಂದ ಕನಿಷ್ಠ ಎರಡು ಮೀಟರ್ ದೂರವಿರಲಿ ಎಂಬುದು ಆಸ್ಟ್ರೇಲಿಯಾದಲ್ಲಿ ಪೋಷಕರಿಗೆ ಕೊಡುವ ಸಲಹೆ. ನಮ್ಮ ಮಕ್ಕಳ ಕೋಣೆಯ ಯಾವ ಮೂಲೆಗೆ ಸರಿಸಿದರೂ ಅದು ಸಾಧ್ಯವಿಲ್ಲ. ಫ್ಯಾನಿನ ಲೋಹದ ರೆಕ್ಕೆ ಬಡಿದು ತಲೆಬುರುಡೆಗೆ ಪೆಟ್ಟಾದ ಮಕ್ಕಳ ಪ್ರಕರಣಗಳನ್ನು ಮಲೇಷ್ಯಾದ ವೈದ್ಯರು ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದ್ದಾರೆ. ಮೇಲಿನ ಮಂಚದಲ್ಲಿನ ಆಟವೂ ಅವುಗಳ ಕಾರಣಗಳಲ್ಲೊಂದು. ನಮ್ಮ ಹವೆ, ನಮ್ಮ ಫ್ಯಾನು ಮಲೇಷ್ಯಾದ್ದಕ್ಕೇ ಹೆಚ್ಚು ಹತ್ತಿರ. ಹೀಗಾಗಿ ನನ್ನ ತೀರ್ಮಾನ ಖಚಿತ: ಹತ್ತಡಿ ಚೌಕದ ಕೋಣೆಯಲ್ಲಿ ಅಷ್ಟೆತ್ತರದ ಬಂಕ್ ಬೆಡ್ಡು ಮತ್ತು ನಡುಮಧ್ಯದ ಸೀಲಿಂಗ್ ಫ್ಯಾನು ಒಟ್ಟಿಗೆ ಇರಕೂಡದು. ಒಂದನ್ನು ಬಿಡಬೇಕು.

ಬಿಡುವುದು ಹೇಳಿದಷ್ಟು ಸುಲಭವಲ್ಲ, ನಿಜ. ಕಲಬುರಗಿ, ರಾಯಚೂರಿನ ಏಪ್ರಿಲ್ ರಾತ್ರಿಯಲ್ಲಿ ಕಾದ ತಾರಸಿಯ ಕೆಳಗೆ, ಚಾವಣಿಯಿಂದ ನಾಲ್ಕಡಿ ಅಂತರದಲ್ಲಿ ಫ್ಯಾನಿಲ್ಲದೆ ಮಗುವನ್ನು ಮಲಗಿಸುವುದು ಶಿಕ್ಷೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ. ಕೆಳಗಿನ ಮಂಚದಲ್ಲಿ ತಡೆಯಬಹುದಾದ ಸೆಕೆ ಮೇಲೆ ತಡೆಯಲಾಗುವುದಿಲ್ಲ. ಗೋಡೆಗೆ ಹಾಕುವ, ಜಾಲರಿ ಇರುವ ವಾಲ್ ಫ್ಯಾನನ್ನು ಎದುರು ಗೋಡೆಯಲ್ಲಿ, ಮೇಲಿನ ಮಂಚದಿಂದ ಕೈಗೆ ಎಟುಕದಂತೆ ಕೂರಿಸುವುದು ಒಂದು ದಾರಿ. ಬಯಲುಸೀಮೆಯ ಮೇಲಂತಸ್ತಿನ ಮನೆಗಳಿಗೆ ಅದೂ ಸಾಲದಿದ್ದರೆ, ಹಗಲಲ್ಲಿ ದೊಡ್ಡ ಮಂಚದ ಕೆಳಗೆ ಸೇರಿ ರಾತ್ರಿ ಚಕ್ರದ ಮೇಲೆ ಹೊರಬರುವ ಪುಲ್-ಔಟ್ ಮಂಚವೇ ಮೇಲು. ಅದು ಹಗಲಿನ ಜಾಗವನ್ನು ಬಂಕ್ ಬೆಡ್ಡಿನಷ್ಟೇ ಉಳಿಸುತ್ತದೆ. ರಾತ್ರಿ ನೆಲದ ಜಾಗ ತಿನ್ನುತ್ತದೆ, ಆದರೆ ಮಕ್ಕಳು ಮಲಗಿದ ಮೇಲೆ ಆ ಕೋಣೆಯಲ್ಲಿ ಓಡಾಡುವವರು ಯಾರು?

ಇಲ್ಲಿ ಏಳುವ ಆಕ್ಷೇಪ ಗೊತ್ತಿರುವುದೇ. ರೈಲಿನ ಅಪ್ಪರ್ ಬರ್ತಿನಲ್ಲಿ ಮಲಗಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ಮಕ್ಕಳಿಗೆ ಏನಾಗಿದೆ, ಅಟ್ಟದ ಮೇಲೆ ಮಲಗಿ ಬೆಳೆದವರಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಏನೂ ಆಗದವರೇ ಈ ಪ್ರಶ್ನೆ ಕೇಳುತ್ತಾರೆ ಎಂಬುದು ಬೇರೆ ಮಾತು. ಆದರೆ ರೈಲಿನ ಉದಾಹರಣೆ ನನ್ನ ವಾದಕ್ಕೇ ಒದಗುತ್ತದೆ. ಸ್ಲೀಪರ್ ಬೋಗಿಯ ಚಾವಣಿಯಲ್ಲಿರುವ ಫ್ಯಾನುಗಳನ್ನು ನೋಡಿ, ಪ್ರತಿಯೊಂದಕ್ಕೂ ಲೋಹದ ಜಾಲರಿಯ ಗೂಡು ಹಾಕಿರುತ್ತಾರೆ. ಮೇಲಿನ ಬರ್ತಿನಲ್ಲಿ ಮಲಗಿದವರ ಕೈ ಫ್ಯಾನಿಗೆ ಎಟುಕುತ್ತದೆ ಎಂಬುದು ರೈಲ್ವೆಗೆ ತಿಳಿದಿದೆ, ನಮ್ಮ ಒಳಾಂಗಣ ವಿನ್ಯಾಸಕಾರರಿಗೆ ಇನ್ನೂ ತಿಳಿದಂತಿಲ್ಲ. ಮೇಲಾಗಿ ರೈಲಿನದು ಒಂದು ರಾತ್ರಿಯ ಮಾತು, ಪಕ್ಕದಲ್ಲಿ ಅರೆನಿದ್ದೆಯ ಅಮ್ಮನೋ ಅಜ್ಜನೋ ಇರುತ್ತಾರೆ. ಮನೆಯ ಮಂಚದಲ್ಲಿ ಮಗು ವರ್ಷಗಟ್ಟಲೆ ಮಲಗುತ್ತದೆ, ಬಾಗಿಲು ಮುಚ್ಚಿರುತ್ತದೆ.

ಇಷ್ಟೆಲ್ಲ ಕಾಪಾಡಿದರೆ ಮಕ್ಕಳು ಪುಕ್ಕಲರಾಗುತ್ತಾರೆ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮಗು ಮರ ಹತ್ತಲಿ, ಗೋಡೆ ಹಾರಲಿ. ಮಂಡಿ ತರಚಿಕೊಳ್ಳದೆ ಬೆಳೆದ ಬಾಲ್ಯ ಎಂಥದ್ದು? ಆದರೆ ಮರ ಹತ್ತುವಾಗ ಮಗುವಿನ ಕಣ್ಣು ತೆರೆದಿರುತ್ತದೆ, ಎಚ್ಚರವಿರುತ್ತದೆ, ಭಯವೂ ಇರುತ್ತದೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದು, ಕತ್ತಲಲ್ಲಿ ಕಾಲಿನಿಂದ ಏಣಿಯ ಮೆಟ್ಟಿಲು ತಡಕುವ ಮಗುವಿಗೆ ಇದ್ಯಾವುದೂ ಇರುವುದಿಲ್ಲ. ನಿದ್ದೆಯಲ್ಲಿ ಧೈರ್ಯ ಕಲಿಯಲಾಗದು. ವಯಸ್ಸಿನ ನಿಯಮ ಬಂದದ್ದು ಇದಕ್ಕೇ. ಆರು ವರ್ಷ ತುಂಬದವರನ್ನು ಮೇಲೆ ಮಲಗಿಸಬೇಡಿ ಎಂದು ಅಮೆರಿಕದ ಮಂಚಗಳ ಮೇಲೆ ಎಚ್ಚರಿಕೆಯ ಚೀಟಿ ಕಡ್ಡಾಯ. ಆಸ್ಟ್ರೇಲಿಯಾದ ಸಲಹೆ ಒಂಬತ್ತು ವರ್ಷ. ಎರಡರಲ್ಲಿ ನಮಗೆ ಒಪ್ಪುವುದು ಒಂಬತ್ತೇ. ಅಲ್ಲಿಯವರೆಗೆ ನೆಲದ ಮೇಲೆ ಹಾಸಿದ ಹಾಸಿಗೆ ಯಾವ ಮಂಚಕ್ಕೂ ಕಡಿಮೆಯಲ್ಲ. ನಮ್ಮಲ್ಲಿ ಅದಕ್ಕೆ ಯಾರೂ ನಾಚಬೇಕಾಗಿಯೂ ಇಲ್ಲ. ಏಣಿಗಿಂತ ಅಗಲ ಮೆಟ್ಟಿಲು ಉತ್ತಮ, ಏಣಿಯೇ ಆದರೂ ದುಂಡು ಪೈಪಿನ ಬದಲು ಚಪ್ಪಟೆ ಪಟ್ಟಿಯಿರಲಿ. ರಾತ್ರಿ ದೀಪದ ಸ್ವಿಚ್ಚು ಮೇಲಿನವರ ಕೈಗೆ ಸಿಗಲಿ.

ಮೇಲೆ ಮಲಗುವವನಿಗೆ ವಯಸ್ಸಿನ ನಿಯಮವಿದೆ, ಕೆಳಗಿರುವ ಪುಟ್ಟ ತಮ್ಮನಿಗೆ ಏಣಿ ಮಾತ್ರ ಕಾಣುತ್ತದೆ. 2021ರಲ್ಲಿ ಅಮೆರಿಕದ ಕಂಪನಿಯೊಂದು ಸುಮಾರು 40 ಸಾವಿರ ಬಂಕ್ ಬೆಡ್‌ಗಳ ವಿಷಯದಲ್ಲಿ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟು ದೋಷ ಸರಿಪಡಿಸಬೇಕಾಯಿತು. ಅದಕ್ಕೆ ಮುನ್ನ ಎರಡು ವರ್ಷದ ಮಗುವೊಂದು ಏಣಿಗೂ ಮಂಚದ ಚೌಕಟ್ಟಿಗೂ ನಡುವೆ ಸಿಲುಕಿ ಜೀವ ಕಳೆದುಕೊಂಡಿತ್ತು. ಕೊಕ್ಕೆಯಲ್ಲಿ ತೂಗುಬಿಟ್ಟ ಏಣಿಗಿಂತ ಬೋಲ್ಟ್ ಹಾಕಿ ಬಿಗಿದ ಏಣಿ ಯಾಕೆ ಬೇಕೆಂಬುದಕ್ಕೆ ಬೇರೆ ವಿವರಣೆ ಬೇಡ. ಮೇಲಿನ ಮಂಚಕ್ಕೆ ದುಪಟ್ಟಾ ಕಟ್ಟಿ ಜೋಕಾಲಿ ಮಾಡುವುದು, ಸೊಳ್ಳೆ ಪರದೆಯ ದಾರ ಇಳಿಬಿಡುವುದು ನಮ್ಮ ಮನೆಗಳ ಅಪಾಯಗಳು. ಇವಕ್ಕೆ ಯಾವ ಮಾನದಂಡವೂ ಕಾವಲು ಬರುವುದಿಲ್ಲ, ಮನೆಯವರೇ ನೋಡಬೇಕು.

ಮಾನದಂಡವೇನೋ ನಮ್ಮಲ್ಲೂ ಇದೆ. ಭಾರತೀಯ ಮಾನಕ ಬ್ಯೂರೊ ಬಂಕ್ ಬೆಡ್‌ಗೆಂದೇ ಐಎಸ್ 17636 ಎಂಬ ಮಾನದಂಡವನ್ನು 2022ರಲ್ಲಿ ತಂದಿತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪೀಠೋಪಕರಣಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ, ಕುರ್ಚಿ, ಮೇಜು, ಕಪಾಟುಗಳ ಜತೆಗೆ ಇದನ್ನೂ ಐಎಸ್‌ಐ ಮುದ್ರೆಯ ವ್ಯಾಪ್ತಿಗೆ ತರುವುದಾಗಿ ಪ್ರಕಟಿಸಿತು. ತಯಾರಕರ ಸಿದ್ಧತೆಗೆ ಒಂದು ವರ್ಷದ ಗಡುವು ಕೊಟ್ಟಿತು. ಸ್ವಾಗತಾರ್ಹವೇ. ಆದರೆ ಮನೆಗೇ ಬಂದು, ಹಾಲ್‌ನಲ್ಲಿ ಪ್ಲೈವುಡ್ ಹರವಿಕೊಂಡು ಮಂಚ ಮಾಡಿಕೊಡುವ ಬಡಗಿಯ ಕೆಲಸಕ್ಕೆ ಮುದ್ರೆ ಒತ್ತುವವರು ಯಾರು? ಅವನು ಒಳ್ಳೆಯ ಕೆಲಸಗಾರನೇ ಇರಬಹುದು. ಮೊಬೈಲಿನಲ್ಲಿ ತೋರಿಸಿದ ಚಿತ್ರದಂತೆಯೇ ಮಾಡಿಕೊಡುತ್ತಾನೆ, ಚಿತ್ರದಲ್ಲಿ ಅಳತೆ ಇರುವುದಿಲ್ಲ ಅಷ್ಟೆ. ಮಾನದಂಡದ ಮುಖ್ಯ ಅಳತೆಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಪ್ಲೈವುಡ್ ಅಂಗಡಿಗಳಲ್ಲಿ ಅಂಟಿಸಿದರೆ, ಆದೇಶ ಮುಟ್ಟದ ಕಡೆ ಅದು ಮುಟ್ಟುತ್ತದೆ. ಬೆಲೆ ಏರುತ್ತದೆ ಎಂಬ ತಕರಾರು ಇಲ್ಲಿ ನಿಲ್ಲುವುದಿಲ್ಲ: ರೇಲಿಂಗನ್ನು ಐದಾರು ಇಂಚು ಏರಿಸಲು, ಗೋಡೆಯ ಕಡೆಗೂ ಪಟ್ಟಿ ಹೊಡೆಯಲು ಬೇಕಾದ ಮರ, ಮಂಚಕ್ಕೆ ಅಂಟಿಸುವ ಬಣ್ಣದ ಲ್ಯಾಮಿನೇಟಿನ ಮುಂದೆ ದೊಡ್ಡ ಖರ್ಚಲ್ಲ.

ಸರ್ಕಾರ ಯಾವ ಬಡಗಿಯನ್ನೂ ಕಾಯದೆ ತಾನೇ ಮಾಡಬಹುದಾದ ಕೆಲಸ ಹಾಸ್ಟೆಲ್‌ಗಳಲ್ಲಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಮಕ್ಕಳು ಆರನೇ ತರಗತಿಗೇ ಸೇರುತ್ತಾರೆ, ಹನ್ನೊಂದು ವರ್ಷದವರು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳಿವೆ. ಇಂಥ ಕಡೆ ಎರಡಂತಸ್ತಿನ ಕಬ್ಬಿಣದ ಮಂಚ ಕೊಳ್ಳುವಾಗ ಪೈಪಿನ ದಪ್ಪ, ಬಣ್ಣದಷ್ಟೇ ಕಡ್ಡಾಯವಾಗಿ ಹಾಸಿಗೆಯ ಮೇಲಿನ ರೇಲಿಂಗಿನ ಎತ್ತರವನ್ನೂ ಪಟ್ಟಿಗಳ ನಡುವಿನ ಅಂತರವನ್ನೂ ಟೆಂಡರಿನಲ್ಲಿ ಬರೆಯಬೇಕು. ಮಂಚ ಮತ್ತು ಹಾಸಿಗೆಗೆ ಬೇರೆ ಬೇರೆ ಟೆಂಡರ್ ಕರೆದರೆ ಮನೆಗಳಲ್ಲಾಗುವ ತಪ್ಪೇ ಅಲ್ಲೂ ಆಗುತ್ತದೆ. ಫ್ಯಾನಿನ ಜಾಗ ನಿರ್ಧರಿಸುವುದು ಕಟ್ಟಡ ಕಟ್ಟಿಸುವ ಎಂಜಿನಿಯರ್, ಮಂಚ ಇರಿಸುವುದು ವಾರ್ಡನ್. ಇಬ್ಬರೂ ಒಟ್ಟಿಗೆ ನಿಂತು, ಮೇಲಿನ ಹಾಸಿಗೆಯಿಂದ ರೆಕ್ಕೆಗೆ ಎಷ್ಟು ದೂರವಿದೆ ಎಂದು ಅಳೆದು, ಅದನ್ನು ಬರೆದ ಹಾಳೆಗೆ ಸಹಿ ಹಾಕಿದ ಮೇಲೆಯೇ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಬಜೆಟ್ಟಿನ ಅನುದಾನವಾಗಲಿ ಹೊಸ ಕಾನೂನಾಗಲಿ ಬೇಕಿಲ್ಲ.